ಯೂರಿಯಾ ಜೊತೆ ‘ಲಿಂಕ್’ ಆಗಿ ಬರುವ ರೈಜೋಬಿಯಂ

ಮಾನ್ಯ ಸಂಪಾದಕರೇ,

ಮುಂಗಾರು ಬಿತ್ತನೆ ಶುರುವಾಯಿತೆಂದರೆ ಯೂರಿಯಾಕ್ಕಾಗಿ ರೈತರು ಸಾಲುಗಟ್ಟಿ ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಅದರ ಬೆನ್ನಿಗೇ, ಯೂರಿಯಾದೊಂದಿಗೆ ಬೇಡದ ಸರಕನ್ನೂ ‘ಲಿಂಕ್’ ಮಾಡಿ ಮಾರುತ್ತಾರೆಂಬ ದೂರೂ ಬರುತ್ತದೆ. ಹೀಗೆ ಗಂಟು ಬೀಳುವ ಸರಕುಗಳಲ್ಲಿ ರೈಜೋಬಿಯಂ ಅಣುಜೀವಿ ಗೊಬ್ಬರದ ಪೊಟ್ಟಣವೂ ಒಂದು. ದೂರು ಹೇಳುವವರು ಕೈಬಿಟ್ಟ ಹಣದ ಮಾತಾಡುತ್ತಾರೆ, ಅದು ನ್ಯಾಯವೇ. ಆದರೆ ತೊಗರಿ, ಶೇಂಗಾ, ಸೋಯಾ ಬಿತ್ತುವವರ ಹೊಲದಲ್ಲಿ ಇವೆರಡನ್ನೂ ಒಟ್ಟಿಗೆ ಹಾಕಿದರೆ ರೈಜೋಬಿಯಂನ ಕೆಲಸವನ್ನು ಯೂರಿಯಾ ಕೆಡಿಸುತ್ತದೆ ಎಂಬ ಸಂಗತಿಯನ್ನು ಅಂಗಡಿಯವರಾಗಲಿ, ಇಲಾಖೆಯವರಾಗಲಿ ಹೇಳುತ್ತಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ದ್ವಿದಳ ಬೆಳೆಯ ಬೇರುಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ ಎಂಬುದು ಎಲ್ಲರೂ ಶಾಲೆಯಲ್ಲಿ ಓದಿದ್ದೇ. ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ 1880ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. 1888ರಲ್ಲಿ ನೆದರ್ಲೆಂಡ್ಸ್‌ನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಶಾಲೆಯ ಪಾಠ ಹೇಳದೆ ಬಿಡುವುದೆಂದರೆ, ಆ ಗಂಟು ಮೂಡಬೇಕಾದರೆ ಬೇರು ತಾನೇ ಮೊದಲು ಬ್ಯಾಕ್ಟೀರಿಯಾಕ್ಕೆ ಕರೆ ಕೊಡಬೇಕು. ಸಾರಜನಕ ಸಾಲದ ಮಣ್ಣಿನಲ್ಲಿ ಬೇರು ಫ್ಲೇವನಾಯ್ಡ್ ಎಂಬ ಗುಂಪಿನ ರಾಸಾಯನಿಕಗಳನ್ನು ಸ್ರವಿಸುತ್ತದೆ. ಸೋಯಾ ಬೇರಿನಿಂದ ಜೆನಿಸ್ಟೀನ್ ಮತ್ತು ಡೈಡ್ಜೀನ್ ಬರುತ್ತವೆ, ಕುದುರೆ ಮಸಾಲೆ ಸೊಪ್ಪಿನ ಗಿಡದಿಂದ ಲ್ಯೂಟಿಯೋಲಿನ್ ಬರುತ್ತದೆ. ತನಗೆ ಹೊಂದುವ ರಾಸಾಯನಿಕ ಸೋಕಿದ ಬ್ಯಾಕ್ಟೀರಿಯಾದೊಳಗೆ ಅದುವರೆಗೆ ಸುಮ್ಮನಿದ್ದ ಕೆಲವು ಜೀನುಗಳು ಕೆಲಸಕ್ಕೆ ತೊಡಗಿ, ‘ನಾಡ್ ಫ್ಯಾಕ್ಟರ್’ ಎಂಬ ಮರುಸಂಕೇತವನ್ನು ತಯಾರಿಸುತ್ತವೆ. ಫ್ರಾನ್ಸಿನ ತುಲೂಸ್‌ನಲ್ಲಿದ್ದ ವಿಜ್ಞಾನಿಗಳು 1990ರಲ್ಲಿ ಇದರ ರಚನೆಯನ್ನು ಬಿಡಿಸಿಟ್ಟರು: ಕೀಟಗಳ ಮತ್ತು ಸೀಗಡಿಯ ಹೊರಚಿಪ್ಪಿನಲ್ಲಿರುವ ಕೈಟಿನ್ ಯಾವ ಸಕ್ಕರೆ ಕಣಗಳಿಂದ ಆಗಿದೆಯೋ ಅವೇ ಕಣಗಳು ನಾಲ್ಕೈದು, ಅವುಗಳ ತುದಿಗೆ ಕೊಬ್ಬಿನಾಮ್ಲದ ಒಂದು ಬಾಲ. ಅತ್ಯಲ್ಪ ಪ್ರಮಾಣದ ಈ ವಸ್ತು ತಗುಲಿದರೂ ಬೇರುಕೂದಲು ಕೊಕ್ಕೆಯಂತೆ ಬಾಗಿ ಬ್ಯಾಕ್ಟೀರಿಯಾವನ್ನು ಸುತ್ತಿಕೊಂಡು ಒಳಕ್ಕೆ ದಾರಿ ಕೊಡುತ್ತದೆ. ನಮ್ಮ ಶೇಂಗಾದ ರೀತಿ ಬೇರೆ: ಅದರಲ್ಲಿ ಕವಲುಬೇರು ಹೊರಬರುವಾಗ ಬಿಡುವ ಸಣ್ಣ ಸೀಳಿನಿಂದಲೇ ಬ್ಯಾಕ್ಟೀರಿಯಾ ಒಳಸೇರುತ್ತದೆ. ಶೇಂಗಾ ಗಿಡ ತೊಳೆದು ನೋಡಿದವರಿಗೆ ಗಂಟುಗಳೆಲ್ಲ ಕವಲುಬೇರಿನ ಬುಡದಲ್ಲೇ ಕೂತಿರುವುದು ಕಂಡಿರುತ್ತದೆ.

ಈ ಕೊಡುಕೊಳ್ಳುವಿಕೆ ಗಿಡಕ್ಕೆ ಬಿಟ್ಟಿ ಸಿಗುವುದಲ್ಲ. ಗಾಳಿಯ ಸಾರಜನಕದ ಒಂದೊಂದು ಅಣುವನ್ನು ಒಡೆಯಲು, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಕಣಗಳು ಕನಿಷ್ಠ 16 ಖರ್ಚಾಗುತ್ತವೆ. ಆ ಶಕ್ತಿಯೆಲ್ಲ ಎಲೆಗಳು ಮಾಡಿದ ಸಕ್ಕರೆಯಿಂದಲೇ ಬರಬೇಕು. ಆದ್ದರಿಂದ ಮಣ್ಣಿನಲ್ಲಿ ಸಿದ್ಧ ಸಾರಜನಕ ಸಿಗುತ್ತಿದೆಯೆಂದಾದರೆ ಗಿಡ ಈ ದುಬಾರಿ ದಾರಿ ಹಿಡಿಯುವುದಿಲ್ಲ. ಹೊಲಕ್ಕೆ ಬಿದ್ದ ಯೂರಿಯಾ ಕೆಲ ದಿನಗಳಲ್ಲಿ ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗುತ್ತದೆ. ಈ ನೈಟ್ರೇಟ್ ಹೆಚ್ಚಾದರೆ ಬ್ಯಾಕ್ಟೀರಿಯಾ ಒಳಬರುವುದು, ಗಂಟು ಬೆಳೆಯುವುದು, ಬೆಳೆದ ಗಂಟು ಸಾರಜನಕ ಹಿಡಿಯುವುದು ಎಲ್ಲವೂ ಕುಂಠಿತವಾಗುತ್ತವೆ.

ಹಾಗಾದರೆ ತೊಗರಿಗೆ ಸಾರಜನಕ ಬೇಡವೇ ಎಂದು ಕೇಳುವವರಿದ್ದಾರೆ. ಗಂಟುಗಳು ಕೆಲಸ ಶುರುಮಾಡಲು ಮೂರು ನಾಲ್ಕು ವಾರ ಬೇಕಾಗುವುದರಿಂದ ಅಷ್ಟರವರೆಗಿನ ಆಸರೆಗೆಂದು ಎಕರೆಗೆ ಸುಮಾರು 10 ಕೆ.ಜಿ. ಸಾರಜನಕ ಸಾಕು. ಬಿತ್ತುವಾಗ ಹಾಕುವ 50 ಕೆ.ಜಿ.ಯ ಒಂದು ಚೀಲ ಡಿಎಪಿ ಗೊಬ್ಬರದಲ್ಲೇ 9 ಕೆ.ಜಿ. ಸಾರಜನಕ ಬಂತು. ಅದರ ಮೇಲೆ 45 ಕೆ.ಜಿ.ಯ ಒಂದು ಚೀಲ ಯೂರಿಯಾ ಎರಚಿದರೆ ಇನ್ನೂ 20 ಕೆ.ಜಿ.ಗಿಂತ ಹೆಚ್ಚು ಸೇರಿತು. ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುವಾಗ, ಎಲೆ ಹಸಿರೇರುವುದನ್ನು ಕಣ್ಣಾರೆ ಕಂಡಾಗ, ರೈತ ಎರಚದೆ ಇರುವುದು ಕಷ್ಟವೇ. ಅವನನ್ನು ಬೈದು ಪ್ರಯೋಜನವಿಲ್ಲ.

ಇನ್ನು ಪೊಟ್ಟಣದ ಮಾತು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ರೈಜೋಬಿಯಂನ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವ ರೂಪದ್ದಾದರೆ ಒಂದು ಮಿ.ಲೀ.ನಲ್ಲಿ 10 ಕೋಟಿ ಜೀವಂತ ಕೋಶಗಳಿರಬೇಕು. ಆದರೆ ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ನಮ್ಮ ಕಲಬುರಗಿ ಸೀಮೆಯಲ್ಲಿ, ತಗಡಿನ ಮಾಳಿಗೆಯ ಗೊಬ್ಬರದಂಗಡಿಯೊಳಗೆ ವಾರಗಟ್ಟಲೆ ಬಿದ್ದ ಪೊಟ್ಟಣದಲ್ಲಿ ಎಷ್ಟು ಕೋಶ ಬದುಕಿರುತ್ತವೆ? ನಾನು ಕೊಂಡ ಒಂದು ಪೊಟ್ಟಣ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಅವಧಿಯ ತಾರೀಕು ಬೆವರಿಗೆ ಅಳಿಸಿಹೋಗಿತ್ತು. ಮೇಲಾಗಿ ಶೇಂಗಾಕ್ಕೆ ಹೊಂದುವ ಬ್ಯಾಕ್ಟೀರಿಯಾ ಕಡಲೆಗೆ ಹೊಂದುವುದಿಲ್ಲ. ಸೋಯಾಕ್ಕೆ ಅದರದೇ ತಳಿ ಬೇಕು. ‘ರೈಜೋಬಿಯಂ ಅಂದ್ರೆ ರೈಜೋಬಿಯಂ, ತಗೊಂಡು ಹೋಗ್ರಿ’ ಎನ್ನುವ ಅಂಗಡಿಯವರಿಗೆ ಬೇರಿನ ಈ ಆಯ್ಕೆಯ ಕಲ್ಪನೆಯೇ ಇಲ್ಲ.

ಪೊಟ್ಟಣ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯವೇನೂ ಬೇಕಿಲ್ಲ. ಬಿತ್ತಿದ 40–45 ದಿನಕ್ಕೆ, ಮಣ್ಣು ಹಸಿಯಿರುವಾಗ, ಒಂದೆರಡು ಗಿಡಗಳನ್ನು ಸಲಿಕೆಯಿಂದ ಹೆಂಟೆಸಮೇತ ಎತ್ತಿ ನೀರಲ್ಲಿ ನೆನೆಸಿ ತೊಳೆಯಬೇಕು. ಎಳೆದು ಕಿತ್ತರೆ ಗಂಟುಗಳೆಲ್ಲ ಎರೆಮಣ್ಣಲ್ಲೇ ಉಳಿಯುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಅದು ದುಡಿಯುತ್ತಿದೆ ಎಂದರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗಕ್ಕೇ ಸೇರಿದ ಲೆಗ್‌ಹಿಮೋಗ್ಲೋಬಿನ್ ಕೊಡುವ ಬಣ್ಣ ಅದು. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗಿ ಕೆಡದಂತೆ ನೋಡಿಕೊಳ್ಳುವುದು ಅದರ ಕೆಲಸ. ಒಳಗೆ ಬಿಳುಪೋ ಹಸಿರೋ ಇದ್ದರೆ ಗಂಟಿದ್ದೂ ಇಲ್ಲದಂತೆಯೇ. ಜಂತುಹುಳುವಿನಿಂದ ಆಗುವ ಬೇರುಗಂಟು ರೋಗವೆಂದು ಹೆದರಿ ಒಳ್ಳೆಯ ಗಂಟಿರುವ ಗಿಡಕ್ಕೂ ಔಷಧ ಸುರಿದವರನ್ನು ಕಂಡಿದ್ದೇನೆ. ರೋಗದಲ್ಲಿ ಬೇರೇ ಊದಿಕೊಳ್ಳುತ್ತದೆ, ಉಜ್ಜಿದರೆ ಬಿಡುವುದಿಲ್ಲ. ಒಳ್ಳೆಯ ಗಂಟು ಬೇರಿನ ಮಗ್ಗುಲಿಗೆ ಅಂಟಿಕೊಂಡಂತಿದ್ದು ಬೆರಳು ಸೋಕಿದರೆ ಉದುರುತ್ತದೆ.

ಕೃಷಿ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ರೈತ ಸಂಪರ್ಕ ಕೇಂದ್ರಗಳಲ್ಲಿ ರೈಜೋಬಿಯಂ ಇಡಲು ಒಂದೊಂದು ಫ್ರಿಜ್ ಒದಗಿಸಬೇಕು, ಮಾದರಿಯನ್ನು ಕಾರ್ಖಾನೆಯ ಬಾಗಿಲಲ್ಲಿ ಮಾತ್ರವಲ್ಲದೆ ಬಿತ್ತನೆಯ ಹೊತ್ತಿಗೆ ಅಂಗಡಿಯ ಕಪಾಟಿನಿಂದಲೂ ತೆಗೆದು ಪರೀಕ್ಷಿಸಬೇಕು. ಯೂರಿಯಾಕ್ಕೆ ಇದನ್ನು ಲಿಂಕ್ ಮಾಡುವುದನ್ನಂತೂ ನಿಲ್ಲಿಸಲೇಬೇಕು. ಬಲವಂತದಿಂದ ಬಂದ ಪೊಟ್ಟಣವನ್ನು ರೈತ ಬದುವಿನ ಮೇಲೆಸೆದು ಹೋಗುತ್ತಾನೆ. ಇನ್ನೊಂದು ಮಾತು ಬೀಜದ ಕಂಪನಿಗಳಿಗೆ. ಬಣ್ಣ ಹಚ್ಚಿ ಬರುವ ಬೀಜಕ್ಕೆ ಆಗಲೇ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅದರ ಮೇಲೆ ಬೆಲ್ಲದ ನೀರಲ್ಲಿ ಕಲಸಿದ ರೈಜೋಬಿಯಂ ಹಚ್ಚಿದರೆ ಉಳಿಯುತ್ತದೋ ಸಾಯುತ್ತದೋ, ಅಥವಾ ಅದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸಾಲಿಗೇ ಹಾಕಬೇಕೋ ಎಂಬುದನ್ನು ಚೀಲದ ಮೇಲೆ ಕನ್ನಡದಲ್ಲಿ, ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತೊಗರಿ ಬೆಳೆಗಾರ
ಕಲಬುರಗಿ ಜಿಲ್ಲೆ