ಹಾರ್ಡ್ ಡಿಸ್ಕನ್ನು ಸುಮ್ನೆ ತೆರೆದು, ಮೂಲ ಬೋರ್ಡ್ ವಾಪಸ್ ಕೊಡದಿರುವ ಬಗ್ಗೆ ದೂರು

ಇಂದ,
ನಿಮ್ಮ ಗ್ರಾಹಕ
ಶಿರಸಿ ತಾಲೂಕು, ಉತ್ತರ ಕನ್ನಡ ಜಿಲ್ಲೆ

ಗೆ,
ವ್ಯವಸ್ಥಾಪಕರು
ಡೇಟಾ ರಿಕವರಿ ಕೇಂದ್ರ, ಬೆಂಗಳೂರು

ವಿಷಯ: 2 ಟಿಬಿ ಹಾರ್ಡ್ ಡಿಸ್ಕಿನ ಮೂಲ ಬೋರ್ಡ್ ಹಾಗೂ ಕಟ್ಟಿದ ಹಣ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ನನಗೆ ಮೊದಲು ಬೇಕಾದದ್ದು ನನ್ನ ಡಿಸ್ಕಿನ ಹಸಿರು ಸರ್ಕ್ಯೂಟ್ ಬೋರ್ಡ್. ದುಡ್ಡಿನ ಮಾತು ಆಮೇಲೆ. ನಿಮ್ಮ ವರ್ಕ್‌ಶಾಪಿನ ಯಾವುದಾದರೂ ಡಬ್ಬಿಯಲ್ಲಿ, ಡ್ರಾಯರಿನಲ್ಲಿ ಅದು ಇನ್ನೂ ಬಿದ್ದಿದ್ದರೆ, ದಯವಿಟ್ಟು ಈ ಪತ್ರ ಪೂರ್ತಿ ಓದುವ ಮೊದಲೇ ಅದನ್ನು ಹುಡುಕಿಸಿ ಬೇರೆ ತೆಗೆದಿಡಿ. ಗುಜರಿಗೆ ಹಾಕಬೇಡಿ. ಇನ್ನೊಂದು ಡಿಸ್ಕಿಗೆ ಜೋಡಿಸಬೇಡಿ.

ಏಪ್ರಿಲ್ ತಿಂಗಳ ಗುಡುಗು ಮಳೆಯಲ್ಲಿ ನಮ್ಮ ಮನೆಯ ಹತ್ತಿರ ಸಿಡಿಲು ಹೊಡೆಯಿತು. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸುಟ್ಟಿತು, ಜೊತೆಗೆ ಒಳಗಿದ್ದ ಎರಡೂ ಹಾರ್ಡ್ ಡಿಸ್ಕುಗಳು ಹೋದವು. ಒಂದರ ನಕಲು ಇನ್ನೊಂದರಲ್ಲಿತ್ತು. ಎರಡನೆಯದರ ಬೋರ್ಡು ಕಪ್ಪಗೆ ಕರಕಲಾಗಿದೆ, ಅದರ ಆಸೆ ಬಿಟ್ಟಿದ್ದೇವೆ. ಮೊದಲನೆಯದು ನೋಡಲು ಚೆನ್ನಾಗಿಯೇ ಇತ್ತು. ಕರೆಂಟ್ ಕೊಟ್ಟರೆ ತಿರುಗುತ್ತಿರಲಿಲ್ಲ, ಅಷ್ಟೇ. ಟಕ್ ಟಕ್ ಸದ್ದಿಲ್ಲ, ಕಿರುಗುಟ್ಟುವುದಿಲ್ಲ. ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಮಲ್ಟಿಮೀಟರ್ ಇಟ್ಟು ನೋಡಿ, "5 ವೋಲ್ಟ್ ಲೈನಿನ ಡಯೋಡ್ ಶಾರ್ಟ್ ಆಗಿದೆ. ಬೋರ್ಡ್ ಮಾತ್ರ ಹೋಗಿರಬೇಕು. ನಾನು ಕೈ ಹಾಕೋದಿಲ್ಲ, ದೊಡ್ಡ ಕಡೆ ಕೊಡಿ" ಎಂದ. ಹೆಚ್ಚು ವೋಲ್ಟೇಜ್ ಬಂದಾಗ ಆ ಡಯೋಡ್ ತಾನು ಸತ್ತು ಉಳಿದದ್ದನ್ನು ಕಾಪಾಡಲಿ ಎಂದೇ ಅದನ್ನು ಅಲ್ಲಿ ಇಟ್ಟಿರುತ್ತಾರೆ. ನಿಮಗೆ ಗೊತ್ತಿರದ ವಿಷಯವೇನಲ್ಲ. ಅವನು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಮೇಲೆಯೇ ಅಂಟಿಸಿ ನಿಮ್ಮ ಕೌಂಟರಿನಲ್ಲಿ ಕೊಟ್ಟೆ. ನಿಮ್ಮವರೇ ರಸೀದಿಯಲ್ಲಿ "ಡೆಡ್, ನೋ ಸ್ಪಿನ್" ಎಂದು ಬರೆದುಕೊಂಡರು.

ಆಮೇಲೆ ನಿಮ್ಮಲ್ಲಿ ಏನಾಯಿತು ಎಂಬುದು ನಿಮ್ಮ ವರದಿಯಿಂದಲೇ ಗೊತ್ತಾಗುತ್ತದೆ. ಅದರಲ್ಲಿ ಮೂರು ಸಾಲು ಇದೆ: ಬೋರ್ಡ್ ಬದಲಾಯಿಸಿದೆವು, ಮೋಟಾರ್ ತಿರುಗಿತು, ಹೆಡ್ (ಡೇಟಾ ಓದಿ ಬರೆಯುವ ಭಾಗ) ಟಕ್ ಟಕ್ ಎನ್ನುತ್ತಿದೆ. ಆದ್ದರಿಂದ ಹೆಡ್ ಹೋಗಿದೆ ಎಂದು ತೀರ್ಮಾನಿಸಿ ಡಿಸ್ಕ್ ಬಿಚ್ಚಿದಿರಿ. ಕೊನೆಗೆ "ಡೇಟಾ ಸಿಗುವುದಿಲ್ಲ" ಎಂದು ಷರಾ.

ನನ್ನ ತಕರಾರು ಇರುವುದೇ ಈ ತೀರ್ಮಾನದ ಬಗ್ಗೆ. ಈಗಿನ ಹಾರ್ಡ್ ಡಿಸ್ಕಿಗೆ ಅದೇ ಮಾಡೆಲಿನ ಬೇರೆ ಬೋರ್ಡ್ ತಂದು ಸ್ಕ್ರೂ ಬಿಗಿದರೆ ಆಗುವುದಿಲ್ಲ. ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಸಣ್ಣ ರೋಮ್ (ROM) ಚಿಪ್ ಇರುತ್ತದೆ. ಕಂಪ್ಯೂಟರಿನ ಮೆಮೊರಿಯಾದ ರಾಮ್ ಅಲ್ಲ. ಆ ಒಂದು ಡಿಸ್ಕಿನ ಹೆಡ್ಡುಗಳಿಗೆ ಹೊಂದುವ ಲೆಕ್ಕಗಳನ್ನು ಫ್ಯಾಕ್ಟರಿಯಲ್ಲೇ ಅದರಲ್ಲಿ ತುಂಬಿರುತ್ತಾರೆ. ಹಳೆಯ ಬೋರ್ಡಿನಿಂದ ಆ ಚಿಪ್ ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕಬೇಕು, ಇಲ್ಲವೇ ಅದರ ಒಳಗಿನದನ್ನು ಓದಿ ಹೊಸ ಚಿಪ್ಪಿಗೆ ಬರೆಯಬೇಕು. ಇಲ್ಲದಿದ್ದರೆ ಮೋಟಾರ್ ತಿರುಗಿದರೂ ಹೆಡ್ಡಿಗೆ ತನ್ನ ಜಾಗ ಸಿಗದೆ ಟಕ್ ಟಕ್ ಎನ್ನುವುದುಂಟು. ನಾನು ಕೊಟ್ಟಾಗ ಇಲ್ಲದ ಸದ್ದು ನಿಮ್ಮ ಬೋರ್ಡ್ ಹಾಕಿದ ಮೇಲೆ ಬಂತು ಅಂದರೆ, ಮೊದಲು ಸಂಶಯ ಪಡಬೇಕಾದದ್ದು ಆ ಬೋರ್ಡನ್ನು ಅಲ್ವಾ? ನೀವು ಹೆಡ್ಡನ್ನು ಸಂಶಯಪಟ್ಟು ಮುಚ್ಚಳ ತೆಗೆದಿರಿ.

ಚಿಪ್ ಬದಲಾಯಿಸಿಲ್ಲ ಎಂದು ಊಹೆಯ ಮೇಲೆ ಹೇಳುತ್ತಿಲ್ಲ. ನೀವು ವಾಪಸ್ ಕಳಿಸಿದ ಡಿಸ್ಕನ್ನು ಇನ್ನೊಂದು ಲ್ಯಾಬಿಗೆ ಒಯ್ದಾಗ, ಅಲ್ಲಿನವರು ಮೈಕ್ರೋಸ್ಕೋಪಿನ ಕೆಳಗೆ ನನಗೂ ತೋರಿಸಿದರು. ಡಿಸ್ಕಿನ ಮೇಲೆ ಈಗಿರುವ ನಿಮ್ಮ ಬೋರ್ಡಿನಲ್ಲಿ ಚಿಪ್ಪಿನ ಎಂಟೂ ಕಾಲುಗಳಲ್ಲಿ ಫ್ಯಾಕ್ಟರಿಯ ಬೆಸುಗೆ ಹಾಗೇ ಇದೆ, ಸಮನಾಗಿ ಹೊಳೆಯುತ್ತಿದೆ. ಸುತ್ತ ಬೆಸುಗೆಗೆ ಬಳಸುವ ಫ್ಲಕ್ಸಿನ ಕಲೆ ಸಹ ಇಲ್ಲ. ಬೋರ್ಡಿನ ಮೇಲಿನ ಸ್ಟಿಕರ್ ನಂಬರ್, ನಾನು ಕೊಡುವ ಮೊದಲು ತೆಗೆದ ಫೋಟೋದಲ್ಲಿರುವ ನಂಬರಿಗೆ ಹೊಂದುವುದಿಲ್ಲ. ಮುಚ್ಚಳದ ಎರಡು ಸ್ಕ್ರೂಗಳ ತಲೆ ಸವೆದು ದುಂಡಗಾಗಿದೆ. ಲೇಬಲ್ಲಿನ ಅಡಿಯಲ್ಲಿರುವ ಸ್ಕ್ರೂ ಬಿಚ್ಚಲು ಲೇಬಲ್ಲಿಗೇ ತೂತು ಹೊಡೆದಿದ್ದೀರಿ. ಒಳಗೆ ಮೇಲಿನ ಪ್ಲಾಟರಿನ (ಡೇಟಾ ಇರುವ ತಟ್ಟೆಯ) ಅಂಚಿನಲ್ಲಿ ಬೆರಳಿನ ಗುರುತು.

ಡಿಸ್ಕ್ ತಿರುಗುವಾಗ ಹೆಡ್ಡಿಗೂ ಪ್ಲಾಟರಿಗೂ ಇರುವ ಅಂತರ ಕೆಲವೇ ನ್ಯಾನೋಮೀಟರ್. ಕಣ್ಣಿಗೆ ಕಾಣದ ಧೂಳೂ ಅದರ ಮುಂದೆ ಬಂಡೆ. ನಿಮ್ಮ ಜಾಹೀರಾತಿನಲ್ಲಿ "ಕ್ಲಾಸ್ 100 ಕ್ಲೀನ್ ರೂಮ್" ಎಂದು ದಪ್ಪಕ್ಷರದಲ್ಲಿದೆ. ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣ 100ಕ್ಕಿಂತ ಜಾಸ್ತಿ ಇರಬಾರದು. ಅಂಥ ಕಡೆ ಗ್ಲೌಸ್ ಹಾಕಿದವರ ಬೆರಳ ಗುರುತು ಪ್ಲಾಟರಿನ ಮೇಲೆ ಹೇಗೆ ಬಂತು? ನನ್ನ ಡಿಸ್ಕನ್ನು ಎಲ್ಲಿ ಬಿಚ್ಚಿದಿರಿ, ಯಾರು ಬಿಚ್ಚಿದರು ಎಂದು ನನಗೆ ಬರವಣಿಗೆಯಲ್ಲಿ ಬೇಕು. ಬಿಚ್ಚುವ ಮೊದಲು ನನಗೆ ಒಂದು ಫೋನ್ ಸಹ ಬರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ಆ ಡಿಸ್ಕಿನಲ್ಲಿ ಏನಿತ್ತು ಎಂದು ನಿಮ್ಮವರು ಕೇಳಲಿಲ್ಲ, ಹೇಳುತ್ತೇನೆ. 2007ರಿಂದ ನಾನು ಮತ್ತು ಗೆಳೆಯರು ನಮ್ಮ ಸುತ್ತಲಿನ ಊರುಗಳ ತಾಳಮದ್ದಳೆಗಳನ್ನು (ವೇಷವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ರೆಕಾರ್ಡ್ ಮಾಡುತ್ತಾ ಬಂದಿದ್ದೇವೆ. ದೇವಸ್ಥಾನದ ಚಂದ್ರಶಾಲೆಯಲ್ಲಿ, ಮನೆಗಳ ಜಗಲಿಯಲ್ಲಿ, ಮಳೆಗಾಲದ ರಾತ್ರಿಗಳಲ್ಲಿ. ಕೃಷ್ಣ ಸಂಧಾನ, ವಾಲಿ ಮೋಕ್ಷ, ಭೀಷ್ಮ ವಿಜಯ, ಹೀಗೆ. ಚಿಟ್ಟಾಣಿ ರಾಮಚಂದ್ರ ಹೆಗಡೆ, ಕೆರೆಮನೆ ಶಂಭು ಹೆಗಡೆಯವರಂಥ ದೊಡ್ಡ ಕಲಾವಿದರ ಯಕ್ಷಗಾನ ಆಟಗಳ ರೆಕಾರ್ಡಿಂಗ್ ಹಲವರ ಹತ್ತಿರ ಇದೆ, ಹುಡುಕಿದರೆ ಸಿಗುತ್ತದೆ. ಪದ್ಯ ಹಾಡುವ ನಮ್ಮೂರಿನ ಭಾಗವತರದ್ದು ಬೇರೆ ಯಾರ ಹತ್ತಿರವೂ ಇಲ್ಲ. ತಾಳಮದ್ದಳೆಯಲ್ಲಿ ಪದ್ಯ ಪುಸ್ತಕದಲ್ಲಿರುತ್ತದೆ, ಅರ್ಥ, ಅಂದರೆ ಪದ್ಯದ ಮೇಲೆ ಆಡುವ ಮಾತು, ಇರುವುದಿಲ್ಲ. ಅರ್ಥಧಾರಿ ಆ ಹೊತ್ತಿಗೆ ಏನು ಹೊಳೆಯುತ್ತದೋ ಅದನ್ನು ಆಡುತ್ತಾನೆ. ಎದುರಿನವನು ಕೊಕ್ಕೆ ಹಾಕಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಇಂದು ಆಡಿದ್ದು ನಾಳೆ ಇಲ್ಲ. ಆ ಮಾತು ಉಳಿಯಬೇಕೆಂದರೆ ರೆಕಾರ್ಡಿಂಗ್ ಒಂದೇ ಗತಿ. ನಾವು ರೆಕಾರ್ಡ್ ಮಾಡಿದ ಕಲಾವಿದರಲ್ಲಿ ಅನೇಕರು ಈಗ ತೀರಿಕೊಂಡಿದ್ದಾರೆ. ಮೊದಲು ಡಿವಿಡಿಗಳಲ್ಲಿ ಹಾಕಿಟ್ಟಿದ್ದೆವು, ಮಲೆನಾಡಿನ ತಂಡಿಗೆ ಬೂಷ್ಟು ಹಿಡಿದು ಹಾಳಾಗತೊಡಗಿದವು. ಉಳಿದವನ್ನೆಲ್ಲ ಈ ಡಿಸ್ಕಿಗೆ ಸೇರಿಸಿದೆವು.

ಇಷ್ಟಾದರೂ ಎಲ್ಲ ಮುಗಿದಿಲ್ಲ ಎನ್ನುತ್ತಾರೆ ಎರಡನೆಯ ಲ್ಯಾಬಿನವರು. ಅವರು ಡಿಸ್ಕಿಗೆ ಕರೆಂಟ್ ಕೊಡಲಿಲ್ಲ, ಕೊಟ್ಟರೆ ಗೀರು ಬೀಳುವ ಭಯ. ಪ್ಲಾಟರಿನ ಮೇಲೆ ಗೀರು ಕಾಣುವುದಿಲ್ಲ, ಶುಚಿ ಮಾಡಿ ಹೆಡ್ ಬದಲಾಯಿಸಿ ಪ್ರಯತ್ನ ಪಡಬಹುದು, ಆದರೆ ಮೂಲ ಬೋರ್ಡಿನ ಚಿಪ್ ಬೇಕೇ ಬೇಕು, ಅದಿಲ್ಲದೆ ಕೆಲಸ ತುಂಬಾ ಕಷ್ಟ ಎಂದು ಬರೆದುಕೊಟ್ಟಿದ್ದಾರೆ. ಬೋರ್ಡ್ ಕೇಳಿ ಫೋನ್ ಮಾಡಿದರೆ ನಿಮ್ಮ ಕೌಂಟರಿನವರು "ಹಳೆಯ ಪಾರ್ಟ್ಸ್ ವಾಪಸ್ ಕೊಡೋ ಪದ್ಧತಿ ಇಲ್ಲ" ಎಂದರು. ಅದು ನನ್ನ ವಸ್ತು. ಪದ್ಧತಿ ಇಲ್ಲ ಎಂದು ಕೊಡದೆ ಇರುವಂತಿಲ್ಲ.

ಇನ್ನು ಹಣ. "ಡೇಟಾ ಸಿಗದಿದ್ದರೆ ದುಡ್ಡಿಲ್ಲ" ಎಂದು ಹೇಳಿ ಡಿಸ್ಕ್ ತೆಗೆದುಕೊಂಡಿರಿ. ವಾಪಸ್ ಕೊಡುವಾಗ ತಪಾಸಣೆಗೆ 1,500, "ಡೋನರ್ ಪಾರ್ಟ್ಸ್" (ಬೇರೆ ಡಿಸ್ಕಿನಿಂದ ತೆಗೆದ ಬಿಡಿಭಾಗ) ಎಂದು 14,000, ಎರಡಕ್ಕೂ ಜಿಎಸ್‌ಟಿ ಸೇರಿಸಿ ಕಟ್ಟಿಸಿಕೊಂಡಿರಿ. ಕಟ್ಟದಿದ್ದರೆ ಡಿಸ್ಕ್ ಕೊಡುವುದಿಲ್ಲ ಎಂದಿರಿ. ಆ ಪೂರ್ತಿ ಮೊತ್ತ ನನ್ನ ಖಾತೆಗೆ ಬರಬೇಕು. ಎರಡನೆಯ ಲ್ಯಾಬಿನ ತಪಾಸಣೆ ಖರ್ಚನ್ನೂ ನೀವೇ ಕೊಡಬೇಕು.

ರಸೀದಿಯ ಹಿಂದೆ "ಯಾವುದೇ ನಷ್ಟಕ್ಕೆ ನಾವು ಹೊಣೆಯಲ್ಲ" ಎಂದು ಅಚ್ಚಾಗಿದೆ, ನೋಡಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಲಕ್ಷ್ಯದಿಂದ ಗ್ರಾಹಕನಿಗೆ ನಷ್ಟ ಮಾಡುವುದೂ ಸೇವಾ ನ್ಯೂನತೆ, ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗಾಗಿ ನಾನು ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ಕಾರವಾರದ ಗ್ರಾಹಕ ಆಯೋಗಕ್ಕೆ ನೀವೇ ಬರಬೇಕಾಗುತ್ತದೆ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ವ್ಯಾಜ್ಯ ಗೆದ್ದರೆ ಹಣ ಸಿಗಬಹುದು, ಭಾಗವತರ ಧ್ವನಿ ಸಿಗುವುದಿಲ್ಲ. ಬೋರ್ಡ್ ಸಿಕ್ಕರೆ ಸಿಗಬಹುದು.

ಈ ಪತ್ರ ತಲುಪಿದ 15 ದಿನದೊಳಗೆ ಬೋರ್ಡನ್ನು ಆಂಟಿ ಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಸಣ್ಣ ಡಬ್ಬಿಯಲ್ಲಿಟ್ಟು, ರಸೀದಿಯಲ್ಲಿರುವ ವಿಳಾಸಕ್ಕೆ ಕಳಿಸಿ. ಕೊರಿಯರ್ ಖರ್ಚು ನಾನೇ ಕೊಡುತ್ತೇನೆ. ಅದರ ಜೊತೆ ಜಾಬ್ ಶೀಟಿನ ಪ್ರತಿಯೂ ಇರಲಿ. ಬೋರ್ಡ್ ಈಗಾಗಲೇ ಬೇರೆ ಡಿಸ್ಕಿಗೆ ಹೋಗಿದ್ದರೆ ಅದನ್ನಾದರೂ ನೇರವಾಗಿ ತಿಳಿಸಿ. ಬೋರ್ಡ್ ಎಲ್ಲೇ ಹೋಗಿರಲಿ, ಚಿಪ್ಪಿನ ಒಳಗಿನದನ್ನು ಯಾರಾದರೂ ಓದಿ ಫೈಲ್ ಮಾಡಿಟ್ಟಿದ್ದರೆ ಆ ಫೈಲ್ ಇಮೇಲ್ ಮಾಡಿ, ಅಷ್ಟಿದ್ದರೂ ಲ್ಯಾಬಿನವರು ಕೆಲಸ ಶುರು ಮಾಡಬಹುದು.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಡಿಸ್ಕ್ ಕೊಟ್ಟಾಗಿನ ರಸೀದಿ, ಬಿಲ್, ನಿಮ್ಮ ವರದಿ, ಡಿಸ್ಕ್ ಕೊಡುವ ಮೊದಲು ಮತ್ತು ವಾಪಸ್ ಬಂದ ಮೇಲೆ ತೆಗೆದ ಫೋಟೋಗಳು, ಎರಡನೆಯ ಲ್ಯಾಬಿನ ಅಭಿಪ್ರಾಯ ಪತ್ರ