ಮಳೆಗಾಲಕ್ಕೆ ಮುಂಚೆ, ಪತ್ತನಾಜೆಯೊಳಗೆ ನಮ್ಮ ಬೋರ್ಡ್ ಹೈಸ್ಕೂಲಿನ ಮಾಡು ಆಗಬೇಕು

ಹಳೆ ವಿದ್ಯಾರ್ಥಿ ಮಿತ್ರರಿಗೆ, ಊರ ಹಿರಿಯರಿಗೆ, ಮುಂಬೈ ಮತ್ತು ಗಲ್ಫಿನಲ್ಲಿರುವ ನಮ್ಮ ಬಂಧುಗಳಿಗೆ ಪ್ರೀತಿಯ ನಮಸ್ಕಾರಗಳು.

ಕಳೆದ ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ, ಗಾಳಿಮಳೆಗೆ ಶಾಲೆಯ ಪಡುಬದಿಯ ಮಾಡು, ಅಂದರೆ ಹೆಂಚಿನ ಛಾವಣಿ, ಕುಸಿದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ರಾತ್ರಿಯಾದ್ದರಿಂದ ಮಕ್ಕಳು ಉಳಿದರು, ದೇವರು ದೊಡ್ಡವನು. ಬೆಳಗ್ಗೆ ಹೋಗಿ ನೋಡಿದರೆ ಹತ್ತನೇ ತರಗತಿಯ ಬೆಂಚುಗಳ ತುಂಬ ಹೆಂಚಿನ ಚೂರು, ಗೆದ್ದಲು ತಿಂದ ಪಕ್ಕಾಸು (ಹೆಂಚು ಹೊರುವ ಮರದ ತೊಲೆ). ಕರಿಹಲಗೆಯಲ್ಲಿ ಹಿಂದಿನ ದಿನದ ಲೆಕ್ಕ ಅರ್ಧ ತೊಳೆದುಹೋಗಿತ್ತು. ಅಂದಿನಿಂದ ಟರ್ಪಾಲು ಹೊದೆಸಿ ದಿನ ದೂಡುತ್ತಿದ್ದೇವೆ. ಇನ್ನೊಂದು ಮಳೆಗಾಲವನ್ನು ಅದು ತಾಳಲಾರದು.

ಹೆಂಚು ಹೆಕ್ಕುವಾಗ ಎಂಟನೆಯ ಹುಡುಗನೊಬ್ಬ ಒಂದನ್ನು ಮಗುಚಿ, "ಸರ್, ನಮ್ಮ ಶಾಲೆ 1865ರದ್ದಾ?" ಎಂದು ಕೇಳಿದ. ಹೆಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಮುದ್ರೆ, ಜೊತೆಗೆ ಆ ಇಸವಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ ವರ್ಷ ಮಗಾ, ನಮ್ಮದು ಜಿಲ್ಲಾ ಬೋರ್ಡು ಶಾಲೆ ನಡೆಸುತ್ತಿದ್ದ ಕಾಲದ್ದು ಎಂದೆ. ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ದಿನಗಳವು. ಆಗ ತರಗತಿ ಎನ್ನುತ್ತಿರಲಿಲ್ಲ, ಫಾರಂ ಎನ್ನುತ್ತಿದ್ದರು. ಸಿಕ್ಸ್ತ್ ಫಾರಂ ಮುಗಿಸಿ ಎಸ್ಸೆಸ್ಸೆಲ್ಸಿ ಪಾಸಾದವನು ಪೇಟೆಯಲ್ಲಿ ಗುಮಾಸ್ತನೋ ಮಾಷ್ಟ್ರೋ ಆಗುತ್ತಿದ್ದ. ವಾರಾನ್ನ ಉಂಡು ಓದಿದವರು, ದೋಣಿ ದಾಟಿ ಬಂದವರು ಮುಂದೆ ಡಾಕ್ಟರು, ವಕೀಲರು, ಬ್ಯಾಂಕ್ ಮ್ಯಾನೇಜರರು ಆದರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಫಲಕ ಬದಲಾಯಿತು. ಬಸ್ಸಿನ ಕಂಡಕ್ಟರನ ಬಾಯಲ್ಲಿ ಮಾತ್ರ ಇಂದಿಗೂ ಅದು "ಬೋರ್ಡ್ ಸ್ಕೂಲೇ".

ರೈಲು ಕಂಬಿಯ ತುಂಡಿನ ಗಂಟೆ ಈಗಲೂ ಅದೇ. ಶಾರದಾ ಪೂಜೆ, ವಾರ್ಷಿಕೋತ್ಸವದ ಯಕ್ಷಗಾನ ಒಂದು ವರ್ಷವೂ ತಪ್ಪಿಲ್ಲ. ಗಂಡುಮಕ್ಕಳ ಶಾಲೆಯಾದ್ದರಿಂದ ಸ್ತ್ರೀವೇಷವೂ ನಮ್ಮ ಹುಡುಗರದ್ದೇ, ಆ ವೇಷ ಕಟ್ಟಲು ಪೈಪೋಟಿಯೇ ನಡೆಯುತ್ತದೆ. ಹೆಡ್‌ಮಾಷ್ಟ್ರ ಕೋಣೆಯಲ್ಲಿ ಪ್ರತಿವರ್ಷ ಮೊದಲಿಗನ ಹೆಸರು ಬರೆಯುವ ಮರದ ಹಲಗೆ ನಿಮಗೆ ನೆನಪಿರಬೇಕು. ಅದರ ಮೇಲೂ ನೀರು ಇಳಿದಿದೆ. ಬಿಳಿ ಬಣ್ಣದ ನಾಲ್ಕೈದು ಹೆಸರು ಓದಲಾಗದಂತೆ ಕರಗಿವೆ. ಅದನ್ನು ಕಂಡು ನಮ್ಮ ಸಂಘದ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು.

ಈಗ ಅಲ್ಲಿ ಕಲಿಯುವವರು ಯಾರು? ಅನುಕೂಲವಿದ್ದವರು ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ, ಅದು ಅವರ ಆಯ್ಕೆ. ನಮ್ಮಲ್ಲಿರುವುದು ಬೀಡಿ ಕಟ್ಟುವ ತಾಯಂದಿರ ಮಕ್ಕಳು, ಮೀನುಗಾರರ ಮಕ್ಕಳು, ಬಾಗಲಕೋಟೆ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಇವರಲ್ಲಿ ಕೆಲವರು ಶೆಡ್ಡಿನಲ್ಲಿ ವಾಸ, ವರ್ಷದೊಳಗೆ ತುಳು ಕಲಿತುಬಿಡುತ್ತಾರೆ. ಮಳೆ ಬಂದಾಗ ಜಗಲಿ ಸೋರಿ, ಬಿಸಿಯೂಟದ ತಟ್ಟೆ ಹಿಡಿದು ನಿಂತೇ ಉಣ್ಣುತ್ತಾರೆ. ಮನೆಯಲ್ಲೂ ಸೋರುವ ಮಾಡು, ಶಾಲೆಯಲ್ಲೂ ಅದೇ ಆದರೆ ಆ ಹುಡುಗರು ಎಲ್ಲಿಗೆ ಹೋಗಬೇಕು?

ತಗಡಿನ ಶೀಟ್ ಹಾಕಿದರೆ ಅಗ್ಗ ಎಂದು ಕೆಲವರು ಸಲಹೆ ಕೊಟ್ಟರು. ನಮಗೆ ಒಪ್ಪಿಗೆಯಿಲ್ಲ. ಜುಲೈ ಮಳೆಯ ಸದ್ದಿಗೆ ಅದರಡಿಯಲ್ಲಿ ಮಾಷ್ಟ್ರ ಮಾತು ಕೇಳಿಸದು, ಮಾರ್ಚ್ ಸೆಕೆಗೆ ಪರೀಕ್ಷೆ ಬರೆಯಲಾಗದು. ಕಬ್ಬಿಣದ ಪಕ್ಕಾಸು, ರೀಪು (ಅಡ್ಡಪಟ್ಟಿ) ಕೂರಿಸಿ, ಗಟ್ಟಿ ಇರುವ ಹಳೆ ಹೆಂಚನ್ನೇ ತೊಳೆದು ಮತ್ತೆ ಹೊದೆಸುವುದೆಂದು ತೀರ್ಮಾನ. ಇಂಜಿನಿಯರ್ ಆಗಿರುವ ನಮ್ಮ ಹಳೆ ವಿದ್ಯಾರ್ಥಿಯ ಅಂದಾಜಿನಂತೆ ಹದಿನಾರು ಲಕ್ಷದ ಆಸುಪಾಸು ಬೇಕು. ಆರರಷ್ಟು ಕೂಡಿದೆ. ಅನುದಾನಕ್ಕೂ ಅರ್ಜಿ ಹಾಕಿದ್ದೇವೆ, ಆದರೆ ಮಳೆ ಕಾಯುವುದಿಲ್ಲ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ಭಾಗದೊಳಗೆ, ಕೆಲಸ ಮುಗಿಯಲೇಬೇಕು.

ಸಾವಿರವಾಗಲಿ, ಲಕ್ಷವಾಗಲಿ, ಕೈಲಾದಷ್ಟು ಕೊಡಿ. ನಿಮ್ಮ ಬ್ಯಾಚಿನವರೆಲ್ಲ ಸೇರಿ ಒಂದು ಕೋಣೆಯ ಮಾಡು ವಹಿಸಿಕೊಂಡರೆ ಇನ್ನೂ ಸಂತೋಷ. ಚೆಕ್ಕನ್ನು ಸಂಘದ ಹೆಸರಿಗೆ ಬರೆದು ಶಾಲೆಯ ಕಚೇರಿಗೆ ತಲುಪಿಸಿದರೆ ರಶೀದಿ ಕೊಡುತ್ತೇವೆ. ಊರಲ್ಲೇ ಇರುವವರು ಭಾನುವಾರಗಳಂದು ಬೆಳಗ್ಗೆ ಎಂಟಕ್ಕೆ ಶ್ರಮದಾನಕ್ಕೆ ಬನ್ನಿ, ಹೆಂಚು ಇಳಿಸಲು ಕೈ ಸಾಲದು.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಹಳೆ ವಿದ್ಯಾರ್ಥಿ ಸಂಘ