ಬಿಡುವಿನ ಕೊನೀ ಮೂರು ನಿಮಿಷ

ಪ್ರೀತಿಯ ಗೆಳೆಯಾ,

ಬೀದರದಿಂದ ನೀ ಬರದ ಪತ್ರ ಮುಟ್ಟಿತು. ಸಿನಿಮಾ 3 ತಾಸು 20 ನಿಮಿಷಕ್ಕ ಬಂದು ನಿಂತದ, ಇನ್ನ ಕತ್ತರಿ ಹಾಕೋದಿಲ್ಲ ಅಂತೀ. ಆಗಲಿ, ಅದು ನಿನ್ನ ಮರ್ಜಿ. ಶುರುವಿಗೆ ನಾಲ್ಕು ನಿಮಿಷ ಬರೇ ವಾದ್ಯ, ಇಂಟರ್ವಲ್ ಮುಗಿಯೋ ಹೊತ್ತಿಗೆ ಮತ್ತ ಮೂರು ನಿಮಿಷ ವಾದ್ಯ, ಎರಡೂ ಇಡ್ಲೇನು ಅಂತ ಕೇಳೀದಿ. ನನ್ನ ಮಾತು ಕೇಳಿದ್ರ ಎರಡನೇದು ಇಟ್ಕೋ, ಮೊದಲನೇದು ಬಿಡು.

ಮೊದಲ ಗಡಿಯಾರದ ಲೆಕ್ಕ ನೋಡು. ಸಿನಿಮಾ 200 ನಿಮಿಷ, ಇಂಟರ್ವಲ್ 15, ಜಾಹೀರಾತು 10, ಮಂದಿ ಹೊರಗ ಹೋಗಿ ಕಸ ಹೊಡದು ಮತ್ತ ಬಾಗಿಲ ತೆಗಿಲಿಕ್ಕ 20. ಒಂದು ಶೋಕ್ಕ 245 ನಿಮಿಷ ಆಯ್ತು. ನಾಲ್ಕು ಶೋಕ್ಕ 980, ಅಂದ್ರ 16 ತಾಸು 20 ನಿಮಿಷ. ಮುಂಜಾನೆ 9ಕ್ಕ ಶುರು ಮಾಡಿದ್ರೂ ಮುಗಿಯೋದು ರಾತ್ರಿ 1:20ಕ್ಕ. ಇದರ ಮ್ಯಾಲ ನಿನ್ನ ನಾಲ್ಕು ನಿಮಿಷ ನಾಲ್ಕು ಸಲ ಬಿದ್ರ ಇನ್ನೂ 16 ನಿಮಿಷ. ಟಾಕೀಜಿನವನಿಗೆ ಜಾಹೀರಾತು ರೊಕ್ಕ ಕೊಡ್ತದ, ನಿನ್ನ ವಾದ್ಯ ಕೊಡೋದಿಲ್ಲ. ಎರಡನೇ ದಿನಕ್ಕೇ ಹಾರಿಸಿಬಿಡ್ತಾನ, ಅವನ ತಪ್ಪೂ ಅಲ್ಲ. ಇಂಟರ್ವಲ್ಲಿನ ಸಂಗೀತ ಹಂಗಲ್ಲ. ಆ 15 ನಿಮಿಷದೊಳಗಿಂದೇ ಕೊನೀ ಮೂರು ನಿಮಿಷ ತಗೋತದ, ಹೆಚ್ಚಿಗಿ ಒಂದು ಸೆಕೆಂಡೂ ಬೇಡೋದಿಲ್ಲ.

ಅಮೆರಿಕದಾಗ ಇದು ಹ್ಯಾಂಗ ನಡೀತು ಅಂತ ನೀ ಕೇಳಬಹುದು. ಅಲ್ಲಿ 1950-60ರ ದಶಕದಾಗ ದೊಡ್ಡ ಸಿನಿಮಾಗಳಿಗೆ ರೋಡ್‌ಶೋ ಅಂತ ಇತ್ತು: ಆಯ್ದ ಟಾಕೀಜು, ನಂಬರ್ ಹಾಕಿದ ಸೀಟು, ತುಟ್ಟಿ ಟಿಕೀಟು, ದಿನಕ್ಕ ಒಂದೋ ಎರಡೋ ಶೋ. ಹೊತ್ತಿಗೆ ಬರ ಇರಲಿಲ್ಲ. 'ಲಾರೆನ್ಸ್ ಆಫ್ ಅರೇಬಿಯಾ' (1962) ಶುರುವಾಗೋ ಮೊದಲ ನಾಲ್ಕು ನಿಮಿಷದಷ್ಟು ವಾದ್ಯ. '2001: ಎ ಸ್ಪೇಸ್ ಒಡಿಸ್ಸಿ' (1968) ಸಂಗೀತಗಾರ ಲಿಗೆತಿಯ ವಾದ್ಯಸಂಗೀತದೊಂದಿಗೆ ಕತ್ತಲಾಗೇ ತೆರಕೋತದ. 35 ಎಂಎಂ ರೀಲು ನಿಮಿಷಕ್ಕ 90 ಅಡಿ ಓಡ್ತದ, ಹಿಂಗಾಗಿ ನಾಲ್ಕು ನಿಮಿಷ ಅಂದ್ರ 360 ಅಡಿ ಬರೇ ಕರೀ ಫಿಲ್ಮು. ಪರದೆ ಮುಂದ ಮಕಮಲ್ಲಿನ ತೆರೆ ಮುಚ್ಚಿರ್ತಿತ್ತು, ಲೈಟು ಅರ್ಧ ಉರೀತಿತ್ತು, ಆ ಕರೀ ಫಿಲ್ಮು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಈಗ ಬಹಳ ಕಡೆ ತೆರೆನೇ ಇಲ್ಲ, ಬೆಳ್ಳಗ ಬೋಳು ಪರದೆ.

ನಮ್ಮ ಮಂದಿಗೆ ಮುನ್ನುಡಿ ವಾದ್ಯ ಹೊಸದೇನಲ್ಲ. ಖವ್ವಾಲರು ಬಾಯಿ ತೆಗಿಯೋಕಿಂತ ಮೊದಲ ಪೇಟಿ ಮ್ಯಾಲ ನಗ್ಮಾ ನುಡಿಸ್ತಾರ, ಕಂಪನಿ ನಾಟಕದಾಗ ತೆರೆ ಏಳೋಕಿಂತ ಮೊದಲ ಪೇಟಿ-ತಬಲಾ ಶುರುವಾಗ್ತಾವ. ಆದ್ರ ಅಲ್ಲಿ ನುಡಿಸೋ ಮನುಷ್ಯ ಕಣ್ಣೆದುರಿಗೆ ಕುಂತಿರ್ತಾನ. ಟಾಕೀಜಿನಾಗ ಪರದೆ ಕರ್ರಗಾಗಿ ಬರೇ ಸದ್ದು ಬಂದ್ರ ಚಿತ್ರ ಹೋಯ್ತು ಅಂತ ಸೀಟಿ ಬೀಳ್ತಾವ, ಆಪರೇಟರ್‌ನ ಹೆಸರಿಗೆ ಬೈಗಳ ಬೀಳ್ತಾವ. ಹಿಂಗಾಗಿ ಇಂಟರ್ವಲ್ಲಿನ ಮೂರು ನಿಮಿಷಕ್ಕೂ ಕಪ್ಪು ಬಿಡಬ್ಯಾಡ. ಒಂದು ಸ್ಥಿರ ಚಿತ್ರ ಇಡು, ಕೆಳಗ ಸೆಕೆಂಡು ಇಳಿಯೋ ಅಂಕಿ ಇಡು. 'ದಿ ಬ್ರೂಟಲಿಸ್ಟ್' (2024) ಸಿನಿಮಾದಾಗ 15 ನಿಮಿಷದ ಬಿಡುವು ಸಿನಿಮಾದೊಳಗೇ ಕೂಡ್ಸಿ ಹಿಂಗೇ ಎಣಿಕೆ ತೋರಿಸ್ಯಾರ. ಚಹಾ ಹಿಡಕೊಂಡು ಬಾಗಿಲದಾಗ ನಿಂತವನಿಗೆ ಇನ್ನೂ ಎಷ್ಟು ಹೊತ್ತು ಅನ್ನೋದು ತಿಳೀತದ.

ಈಗ ಫೈಲಿನ ಮಾತು, ಇಲ್ಲೇ ಮಂದಿ ಎಡವೋದು. ಸಂಗೀತಗಾರ ಸ್ಟುಡಿಯೊದಾಗ 44.1 ಕಿಲೋಹರ್ಟ್ಸ್‌ದಾಗ, ಅಂದ್ರ ಸೆಕೆಂಡಿಗೆ 44,100 ಧ್ವನಿ ಮಾದರಿ ಲೆಕ್ಕಕ್ಕ ಮಾಡಿರಬಹುದು. ಟಾಕೀಜಿಗೆ ಹೋಗೋ ಸಿನಿಮಾದ ಡಿಜಿಟಲ್ ಪ್ಯಾಕೇಜಿಗೆ 48 ಕಿಲೋಹರ್ಟ್ಸ್, 24 ಬಿಟ್ ಬೇಕು. ಬರೋಬರಿ ಪರಿವರ್ತನೆ ಮಾಡದ ಹಂಗೇ 48 ಅಂತ ಓಡಿಸಿದ್ರ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮ್ಯಾಲ ಏರ್ತದ, ಮೂರು ನಿಮಿಷದ್ದು 2 ನಿಮಿಷ 45 ಸೆಕೆಂಡಿಗೇ ಮುಗೀತದ, ನಿನ್ನ ಎಣಿಕೆ ಅಂಕಿ ಇನ್ನೂ ಓಡ್ತಾ ಇರ್ತದ. 24 ಫ್ರೇಮ್ ಲೆಕ್ಕಕ್ಕ ಮೂರು ನಿಮಿಷ ಅಂದ್ರ 4,320 ಫ್ರೇಮ್, ಫ್ರೇಮಿಗೆ 2,000 ಧ್ವನಿ ಮಾದರಿ. ಚಿತ್ರ, ಧ್ವನಿ ಎರಡೂ ಇಷ್ಟೇ ಉದ್ದ ಇರಬೇಕು. ಸಂಗೀತದ ಬಾಲ ರೀಲಿನ (ಡಿಜಿಟಲ್‌ದಾಗೂ ಸಿನಿಮಾದ ಒಂದೊಂದು ತುಂಡಿಗೆ ಹಿಂಗೇ ಅಂತಾರ) ಗಡಿ ದಾಟಿಸಬ್ಯಾಡ, ಜೋಡಣೆಯಾಗ 'ಟಕ್' ಅನ್ನೋ ಸದ್ದು ಬರಬಹುದು. ಕೊನೀಗೆ ನಾಲ್ಕು ಸೆಕೆಂಡು ಮೌನ ಬಿಡು.

ಎಲ್ಲಿ ಕೂಡ್ಸೋದು? ಸಿನಿಮಾದಾಗ ಯಾರರ ಬೀಡಿ-ಸಿಗರೇಟು ಸೇದಿದ್ರ ತಂಬಾಕಿನ ಎಚ್ಚರಿಕೆ ಚಿತ್ರ ಶುರುವಿಗೊಮ್ಮೆ, ನಡುವೊಮ್ಮೆ ಬರಬೇಕು, 30 ಸೆಕೆಂಡಿಗೆ ಕಮ್ಮಿ ಇಲ್ಲದಂಗ. ಅದರ ಹಿಂದ 20 ಸೆಕೆಂಡಿನ ಸೂಚನೆ ಬ್ಯಾರೆ. ನಿನ್ನ ಸಂಗೀತ ಮುಗಿದು ಮೌನ ಆದ ಮ್ಯಾಲ ಇವು ಬಂದ್ರ ಕಟ್ಟಿದ ಹವಾ ಎಲ್ಲ ಠುಸ್. ಅದಕ್ಕ ಇಂಟರ್ವಲ್ ಜಾಹೀರಾತಿನ ಕೂಡ ಮೊದಲ ಇವನ್ನ ಮುಗಿಸು, ಆಮ್ಯಾಲ ಸಂಗೀತ, ಆಮ್ಯಾಲ ನೇರ ಎರಡನೇ ಅರ್ಧ. ಸಂಗೀತವನ್ನ ಎರಡನೇ ಅರ್ಧದ ಮೊದಲ ರೀಲು ಅಂತಲೇ ಕೂಡ್ಸು. ಬ್ಯಾರೆ ಫೈಲ್ ಮಾಡಿ ಕೊಟ್ರ ಪಟ್ಟಿಯಿಂದ ತೆಗೆದು ಹಾಕೋದು ಒಂದು ಬಟನ್ನಿನ ಕೆಲಸ.

ಇನ್ನ ಸದ್ದು. ಮಿಕ್ಸಿಂಗ್ ಕೋಣೆದಾಗ ಫೇಡರ್, ಅಂದ್ರ ಸದ್ದು ಏರಿಸಿ-ಇಳಿಸೋ ಗುಂಡಿ, 7ಕ್ಕ ಇಟ್ಟು ಕೇಳ್ತಾರ, ಟಾಕೀಜಿನವರು ಬಹಳ ಕಡೆ 5ರ ಸುತ್ತಲೇ ಇಡ್ತಾರ. 4ರ ಮ್ಯಾಲ ಒಂದೊಂದು ಅಂಕಿಗೆ ಸುಮಾರು 3.3 ಡೆಸಿಬಲ್, ಅಂದ್ರ ನಿನ್ನ ಸಂಗೀತ ಸುಮಾರು 6.7 ಡೆಸಿಬಲ್ ಕೆಳಗ ಇಳೀತದ. ಮ್ಯಾಲ ಕಲಬುರಗಿ ಬ್ಯಾಸಗಿ, ಹಳೇ ಟಾಕೀಜಿನ ಗೋಡೆ ಫ್ಯಾನು ಗಿರ್ ಅಂತಿರ್ತಾವ, ಕುರ್ಚಿ ಬಡೀತಾವ, ಮಿರ್ಚಿ ಭಜಿ ಪೊಟ್ಟಣ ಬಿಚ್ಚೋ ಸದ್ದು. ಪಿಟೀಲಿನ ಸಣ್ಣ ದನಿಯಿಂದ ಶುರು ಮಾಡಿದ್ರ ಯಾರಿಗೂ ಮುಟ್ಟೋದಿಲ್ಲ. ಮೊದಲ ನಿಮಿಷ ಹಲಗಿ, ಶಹನಾಯಿ ಇಂಥ ಗದ್ದಲ ಸೀಳೋ ವಾದ್ಯ ಇರಲಿ. ಮುಖ್ಯ ಧಾಟಿ ಕೊನೀ ನಿಮಿಷಕ್ಕ ಇಡು, ಅಷ್ಟೊತ್ತಿಗೆ ಮಂದಿ ಕುಂತಿರ್ತಾರ. ಹಾಡಿನ ಸಾಲು ಹಾಕಬ್ಯಾಡ. ಯೂಟ್ಯೂಬಿನಾಗ ತಿಂಗಳು ಮೊದಲೇ ಕೇಳಿದ್ದನ್ನ ಎಲ್ಲರೂ ಕೂಡಿ ಹಾಡ್ತಾರ, ಎರಡನೇ ಅರ್ಧದ ಮೊದಲ ಮಾತು ಆ ಗದ್ದಲದಾಗೇ ಮುಳುಗ್ತದ. ಫೇಡರ್ ಏರಿಸ್ರಿ ಅಂತ ಆಪರೇಟರ್‌ಗ ಹೇಳೋದೂ ಬ್ಯಾಡ. ಏರಿಸಿದವ ಇಳಿಸೋದು ಮರೀತಾನ, ಮೊದಲ ದೃಶ್ಯ ಕಿವಿಗೆ ಹೊಡೀತದ. ಬೇಕಾದ ಎತ್ತರ ಮಿಕ್ಸಿಂಗಿನಾಗೇ ಕೊಡು. ನಡು ಸ್ಪೀಕರ್ ಮಾತಿಗೆ ಅಂತ ಖಾಲಿ ಬಿಡು, ಎಡ-ಬಲ ಮತ್ತ ಸುತ್ತಲಿನ ಸ್ಪೀಕರ್ ಸಾಕು. ಮುಂದ ಮೊದಲ ಮಾತು ನಡುವಿನಿಂದ ಬಂದಾಗ ಕಿವಿ ತಾನೇ ಪರದೆ ಕಡೆ ತಿರಗ್ತದ.

ಲೈಟಿನ ಬಗ್ಗೆ ಒಂದೇ ಮಾತು. ಟ್ಯೂಬ್‌ಲೈಟ್ ಇರೋ ಟಾಕೀಜಿನಾಗ ಮಂದ ಮಾಡ್ಲಿಕ್ಕ ಬರೋದಿಲ್ಲ, ಉರೀತದ ಇಲ್ಲಾ ಆರ್ತದ. ಅಲ್ಲಿ ಮ್ಯಾಲಿನ ಸಾಲು 60 ಸೆಕೆಂಡು ಉಳಿದಾಗ ಆರಿಸ್ರಿ, ಗೋಡೆ ಸಾಲು 15 ಉಳಿದಾಗ ಆರಿಸ್ರಿ ಅಂತ ಬರದು ಕೊಡು. ಪರದೆ ಮ್ಯಾಲ ಅಂಕಿ ಓಡ್ತಿರ್ತದಲ್ಲ, ಆಪರೇಟರ್‌ಗ ಗಡಿಯಾರ ಬೇಕಾಗೋದಿಲ್ಲ.

ಮಿಕ್ಸ್ ಆದ ಮ್ಯಾಲ ಇಲ್ಲಿಗೆ ಕಳಿಸು. ಸ್ಟುಡಿಯೊದಾಗಲ್ಲ, ಫ್ಯಾನ್ ಹಚ್ಚಿ ಬಾಗಿಲ ತೆಗೆದ ಹಾಲಿನಾಗ ಫೇಡರ್ 5ಕ್ಕ ಇಟ್ಟು ಒಮ್ಮೆ ಕೇಳೋಣ.

ನಿನ್ನ ಗೆಳೆಯ,
ಕಲಬುರಗಿ